ಅತಿಯಾದ, ದೆಮಜಿಯಾದ

ಪೋರ್ಚುಗೀಸ್ ಭಾಷೆಯಲ್ಲಿ ಒಂದು ವಿಶೇಷಣ ಇದೆ: ದೆಮಜಿಯಾದು. ಬೇಕಾದ್ದಕ್ಕಿಂತ ಹೆಚ್ಚಿನದು, ಮಿತಿ ಮೀರಿದ್ದು ಅಂತ ಅರ್ಥ. ಬರೆಯುವಾಗ ಕೊನೆಯಲ್ಲಿ ‘ಓ’ ಬರೆದು ಓದುವಾಗ ‘ಉ’ ಅನ್ನುವುದು, ನಡುವೆ ‘ಸ’ ಬರೆದು ‘ಜ’ ಅನ್ನುವುದು ಆ ಜನರ ಪದ್ಧತಿ. ಬರೆದಂತೆ ಓದುವ ನಮಗೆ ಇದೇ ಒಂದು ಅತಿ. ಇರಲಿ. ಈಗ ಹೇಳಿದ್ದು ಪುಲ್ಲಿಂಗ ರೂಪ. ಸ್ತ್ರೀಲಿಂಗಕ್ಕೆ ಬಂದರೆ ಕೊನೆಯ ‘ಉ’ ಜಾಗ ಬಿಟ್ಟುಕೊಟ್ಟು ‘ಅ’ ಕೂರುತ್ತದೆ: ದೆಮಜಿಯಾದ. ಅಕ್ಕಪಕ್ಕದ ಮನೆಯವರು ಏನಂದುಕೊಂಡಾರೋ ಅನ್ನುವ ಸಂಕೋಚ ಬಿಟ್ಟು ಇದನ್ನು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ. ಅತಿಯಾದ, ಜಾಸ್ತಿಯಾದ, ದೆಮಜಿಯಾದ! ವ್ಯಾಕರಣಕಾರ ಕೇಶಿರಾಜನ ಮುಂದೆ ಇಟ್ಟಿದ್ದರೂ ಕೃದಂತ ಎಂದು ಒಪ್ಪಿ ಒಳಗೆ ಬಿಟ್ಟುಕೊಳ್ಳುತ್ತಿದ್ದನೋ ಏನೋ. ಕಾಕತಾಳೀಯ ಅಷ್ಟೆ, ರಕ್ತಸಂಬಂಧ ಏನೂ ಇಲ್ಲ. ಆದರೆ ಹರಟೆಗೆ ಇಷ್ಟು ಸಾಕು.

ಈ ದೆಮಜಿಯಾದು ಮಹಾಶಯ ಬಲು ಮರ್ಯಾದಸ್ಥ. ಎದುರಿಗೆ ಯಾರು ಬಂದರೋ ಅವರ ಲಿಂಗ, ವಚನ ನೋಡಿಕೊಂಡು ವೇಷ ಬದಲಿಸುತ್ತಾನೆ. ಪೋರ್ಚುಗೀಸಿನಲ್ಲಿ ವೈನ್ ಗಂಡು, ನೀರು ಹೆಣ್ಣು. ಹಾಗಾಗಿ ಲೋಟಕ್ಕೆ ವೈನ್ ಹೆಚ್ಚು ಬಿದ್ದರೆ ದೆಮಜಿಯಾದು, ನೀರು ಹೆಚ್ಚು ಬಿದ್ದರೆ ದೆಮಜಿಯಾದ. ಪುಸ್ತಕಗಳು ಮಿತಿ ಮೀರಿದರೆ ದೆಮಜಿಯಾದುಶ್. ಜನ ಮಿತಿ ಮೀರಿದರೆ ದೆಮಜಿಯಾದಶ್, ಯಾಕೆಂದರೆ ‘ವ್ಯಕ್ತಿ’ ಅನ್ನುವ ಪದ ಅಲ್ಲಿ ಹೆಣ್ಣು. ಇನ್ನು ‘ಸಮಸ್ಯೆ’. ಪ್ರೊಬ್ಲೇಮ ಅನ್ನುವ ಆ ಪದ ‘ಅ’ಕಾರದಲ್ಲಿ ಮುಗಿದು ನೋಡುವುದಕ್ಕೆ ಹೆಣ್ಣಿನಂತೆಯೇ ಇದ್ದರೂ ವ್ಯಾಕರಣ ಅದನ್ನು ಗಂಡು ಎಂದೇ ದಾಖಲು ಮಾಡಿದೆ. ಗೃಹಿಣಿಯರು ಈ ವಾಕ್ಯವನ್ನು ಪಕ್ಕದ ಕೋಣೆಗೂ ಕೇಳಿಸುವಂತೆ ಓದಬಹುದು.

ಇಷ್ಟೆಲ್ಲ ವೇಷ ಹಾಕುವ ಇವನೇ, ಇನ್ನೊಂದು ವಿಶೇಷಣದ ಮುಂದೆ ನಿಂತ ಕೂಡಲೇ ಸೆಟೆದು ಕೂರುತ್ತಾನೆ. ‘ಆಕೆ ತೀರಾ ಎತ್ತರ’ ಅನ್ನಬೇಕು ಅನ್ನಿ. ಎತ್ತರ ಅನ್ನುವ ಪದ ಆಕೆಗಾಗಿ ಸ್ತ್ರೀಲಿಂಗಕ್ಕೆ ತಿರುಗುತ್ತದೆ. ದೆಮಜಿಯಾದು ಮಾತ್ರ ಗಂಡಾಗಿಯೇ ನಿಂತಿರುತ್ತಾನೆ. ಅಲ್ಲಿ ಅವನು ವಿಶೇಷಣದ ಕೆಲಸ ಬಿಟ್ಟು ಕ್ರಿಯಾವಿಶೇಷಣದ ಹುದ್ದೆಗೆ ಹೋಗಿದ್ದಾನೆ, ಹುದ್ದೆ ಬದಲಾದ ಮೇಲೆ ಯಾರಿಗೂ ಬಾಗಬೇಕಿಲ್ಲ. ಭಾಷೆ ಕಲಿಯಲು ಹೊರಟವರು ಇಲ್ಲಿಯೇ ಮುಗ್ಗರಿಸುವುದು. ಬಡ್ತಿ ಸಿಕ್ಕವರು ಬಾಗುವುದಿಲ್ಲ ಎಂಬುದನ್ನು ನಾವು ಕಚೇರಿಯಲ್ಲಿ ಕಂಡಿದ್ದೇವೆ, ವ್ಯಾಕರಣದಲ್ಲಿ ನಿರೀಕ್ಷಿಸಿರುವುದಿಲ್ಲ.

ಇದೆಲ್ಲ ಲಿಸ್ಬನ್ನಿನ ಶಿಸ್ತು. ಅಟ್ಲಾಂಟಿಕ್ ದಾಟಿ ಬ್ರೆಜಿಲ್‌ಗೆ ಹೋಗಿ ದೆಮಜಿಯಾದು ಅಂದರೆ ನಿಮ್ಮನ್ನು ವಕೀಲರೋ ಮೇಷ್ಟ್ರೋ ಅಂದುಕೊಳ್ಳುತ್ತಾರೆ. ಆ ಪದ ಅಲ್ಲಿ ಪುಸ್ತಕದ ಕಪಾಟಿನಲ್ಲಿದೆ, ಬಾಯಲ್ಲಿಲ್ಲ. ಬಾಯಲ್ಲಿರುವುದು ಅದರ ದಾಯಾದಿ ‘ದೆಮಾಯ್ಸ್’, ಬ್ರೆಜಿಲಿನವರ ಉಚ್ಚಾರದಲ್ಲಿ ‘ಜಿಮಾಯ್ಸ್’. ಇದಕ್ಕೆ ಲಿಂಗವಿಲ್ಲ, ವಚನವಿಲ್ಲ, ಯಾರ ಮುಲಾಜೂ ಇಲ್ಲ. ಲಿಸ್ಬನ್ನಿನಲ್ಲಿ ಅತಿ ಮುಂದೆ ಬರುತ್ತದೆ, ಬೆಲೆ ಹಿಂದೆ: ದೆಮಜಿಯಾದು ಕಾರು, ಅಂದರೆ ‘ತೀರಾ ದುಬಾರಿ’. ಬ್ರೆಜಿಲ್‌ನಲ್ಲಿ ಬೆಲೆ ಮೊದಲು, ಅತಿ ಆಮೇಲೆ: ಕಾರು ದೆಮಾಯ್ಸ್. ಒಬ್ಬ ಮೊದಲೇ ಹುಬ್ಬು ಗಂಟಿಕ್ಕಿಕೊಂಡು ಅಂಗಡಿಗೆ ಕಾಲಿಡುತ್ತಾನೆ, ಇನ್ನೊಬ್ಬ ಬೆಲೆ ಕೇಳಿದ ಮೇಲೆ ಎದೆ ಹಿಡಿದುಕೊಳ್ಳುತ್ತಾನೆ.

ಆ ದೆಮಾಯ್ಸ್‌ನಲ್ಲಿರುವ ‘ಮಾಯ್ಸ್’ ಅಂದರೆ ‘ಹೆಚ್ಚು’. ಅದರ ಮೂಲ ಲ್ಯಾಟಿನ್ನಿನ ‘ಮಗಿಸ್’. ಮಗಿಸ್ ಅನ್ನುವುದು ಸಂಸ್ಕೃತದ ‘ಮಹಾ’ಕ್ಕೆ ದೂರದ ನೆಂಟ. ಇದು ಕಾಕತಾಳೀಯವಲ್ಲ, ಭಾಷಾಶಾಸ್ತ್ರದವರು ಒಪ್ಪಿದ ನೆಂಟಸ್ತಿಕೆ. ‘ಆಹಾ, ಮಹಾ ದೊಡ್ಡ ಮನುಷ್ಯ ಬಂದ!’ ಎಂದು ನಾವು ಮೂಗು ಮುರಿಯುವಾಗಲೂ, ರಿಯೊದಲ್ಲಿ ಯಾರೋ ‘ಜಿಮಾಯ್ಶ್’ ಎಂದು ರಾಗ ಎಳೆಯುವಾಗಲೂ ಒಂದೇ ಹಳೇ ಗಂಟಿನ ಹಣ ಖರ್ಚಾಗುತ್ತಿರುತ್ತದೆ.

ಈಗ ಬಂತು ನೋಡಿ ಸ್ವಾರಸ್ಯ. ಬ್ರೆಜಿಲ್‌ನವನೊಬ್ಬ ನಿಮ್ಮ ಬೆನ್ನು ತಟ್ಟಿ ‘ವೊಸೆ ಎ ದೆಮಾಯ್ಸ್’ ಅಂದ ಅಂತಿಟ್ಟುಕೊಳ್ಳಿ. ನಿಘಂಟು ಬಿಚ್ಚಿ ಪದಕ್ಕೆ ಪದ ಕೂಡಿಸಿದರೆ ‘ನೀವು ಅತಿಯಾದಿರಿ’ ಅಂತ ಬರುತ್ತದೆ. ನಮ್ಮಲ್ಲಿ ‘ಇತ್ತೀಚೆಗೆ ನಿಂದು ಯಾಕೋ ಅತಿಯಾಯ್ತು’ ಅಂದರೆ ಮುಂದಿನ ವಾಕ್ಯಕ್ಕೆ ಕಾಯಬಾರದು, ಜಾಗ ಖಾಲಿ ಮಾಡಬೇಕು. ಆದರೆ ಆತ ಹೇಳಿದ್ದು ‘ನೀವು ಅದ್ಭುತ, ನಿಮ್ಮಂಥವರು ಇನ್ನೊಬ್ಬರಿಲ್ಲ’ ಅಂತ! ಊಟ ಚೆನ್ನಾಗಿದ್ದರೂ ದೆಮಾಯ್ಸ್, ಹಾಡು ಚೆನ್ನಾಗಿದ್ದರೂ ದೆಮಾಯ್ಸ್, ಗೋಲು ಹೊಡೆದರೂ ದೆಮಾಯ್ಸ್. ಬೈಗುಳದ ಮನೆಯಲ್ಲಿ ಹುಟ್ಟಿದ ಪದ ಹೊಗಳಿಕೆಯ ಮನೆಗೆ ದತ್ತು ಹೋಗಿ ಸುಖವಾಗಿದೆ.

ಗಣಿಗಳ ನಾಡು ಮಿನಾಸ್ ಜೆರಾಯ್ಸ್‌ನವರಂತೂ ದೆಮಾಯ್ಸ್ ಒಂದೇ ಸಾಲದು ಎಂದು ಬಾಲ ಸೇರಿಸುತ್ತಾರೆ: ‘ದೆಮಾಯ್ಸ್ ದ ಕೊಂತ’. ಲೆಕ್ಕಕ್ಕಿಂತ ಹೆಚ್ಚು. ನಮ್ಮ ‘ಲೆಕ್ಕಕ್ಕೇ ಸಿಗದಷ್ಟು’ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಆ ಸೀಮೆಯವರು ಪದಗಳ ಬಾಲ ತಿನ್ನುವುದಕ್ಕೆ ದೇಶಕ್ಕೆಲ್ಲ ಪ್ರಸಿದ್ಧರು. ಕಣ್ಣಿಗೆ ಕಂಡ ಎಲ್ಲ ವಸ್ತುವನ್ನೂ ‘ಟ್ರೆಂ’, ಅಂದರೆ ರೈಲು ಎಂದು ಕರೆಯುತ್ತಾರೆ. ಚಮಚೆಯೂ ರೈಲು, ಛತ್ರಿಯೂ ರೈಲು. ಚೀಸ್ ಹಾಕಿ ಸುಟ್ಟ ಉಂಡೆ ಬ್ರೆಡ್ಡನ್ನು ಬಾಯಿಗಿಟ್ಟು ‘ಲೆಕ್ಕ ಮೀರಿ ಒಳ್ಳೆಯ ರೈಲು’ ಎಂದು ತಲೆದೂಗುವ ಮನುಷ್ಯನಿಗೆ ಏನನ್ನುತ್ತೀರಿ? ಇಷ್ಟೆಲ್ಲ ಮಾಡುವ ಮಿನಾಸ್‌ನವರಿಗೆ ಬ್ರೆಜಿಲ್‌ನಲ್ಲಿ ಮಿತಭಾಷಿಗಳು, ಸಂಕೋಚದವರು ಎಂಬ ಹೆಸರಿದೆ. ಹಾಗಾದರೆ ಉಳಿದವರ ಕಥೆ ಹೇಗಿರಬೇಡ!

ಉಳಿದವರು ಅಂದೆನಲ್ಲ, ಅದಕ್ಕೂ ಅದೇ ಪದ. ‘ಉಸ್ ದೆಮಾಯ್ಸ್’ ಅಂದರೆ ಮಿಕ್ಕವರು, ಇತರರು. ನಮ್ಮ ಸಭೆಗಳ ವರದಿಯಲ್ಲಿ ‘ಮುಂತಾದವರು ಉಪಸ್ಥಿತರಿದ್ದರು’ ಎಂದು ಬರುತ್ತದಲ್ಲ, ಆ ಮುಂತಾದವರು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ‘ಅತಿಯಾದವರು’ ಎಂದು ಕರೆಯುವ ಪ್ರಾಮಾಣಿಕತೆ ನಮ್ಮ ವರದಿಗಾರರಿಗೆ ಬಂದಿಲ್ಲ.

ಪಂಡಿತರು ಇಲ್ಲಿ ಸುಮ್ಮನಿದ್ದಾರೆಯೇ? ‘ದೆ’ ಬೇರೆ, ‘ಮಾಯ್ಸ್’ ಬೇರೆ ಬರೆಯಬೇಕೋ, ಕೂಡಿಸಿ ಬರೆಯಬೇಕೋ ಎಂದು ಜಗಳವಿದೆ. ‘ಕಡಿಮೆ’ಗೆ ಎದುರು ಬಂದಾಗ ಬಿಡಿಸಿ ಬರೆಯಿರಿ, ‘ತೀರಾ’ ಅನ್ನುವ ಅರ್ಥಕ್ಕೆ ಕೂಡಿಸಿ ಬರೆಯಿರಿ ಎಂದು ಶಿಸ್ತಿನವರು ಹೇಳುತ್ತಾರೆ. ಪದದ ನಡುವೆ ಒಂದು ಖಾಲಿ ಜಾಗ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಚರ್ಚೆ, ಅದೂ ‘ಹೆಚ್ಚು’ ಎಂಬ ಪದದ ಮೇಲೆ. ವ್ಯಾಕರಣದ ಪಂಡಿತರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿದ್ದು?

ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ‘ಭಯಂಕರ ಚೆನ್ನಾಗಿದೆ’ ಅನ್ನುವವರು ನಾವು. ಹೆದರಿಕೆ ಹುಟ್ಟಿಸುವಷ್ಟು ಚೆನ್ನಾಗಿರುವ ಹೋಳಿಗೆ ಯಾವುದಪ್ಪಾ? ‘ವಿಪರೀತ’ ಅಂದರೆ ತಿರುಗುಮುರುಗು. ಆದರೂ ಅಜ್ಜಿಗೆ ಮೊಮ್ಮಗನ ಮೇಲೆ ವಿಪರೀತ ಪ್ರೀತಿ. ‘ಬೇಜಾನ್’ ಪಾರಸಿಯಿಂದ ಬಂದದ್ದು, ಮೂಲದಲ್ಲಿ ಅದಕ್ಕೆ ನಿರ್ಜೀವ ಎಂದು ಅರ್ಥ. ಬೆಂಗಳೂರಿನ ಹುಡುಗರು ಬೇಜಾನ್ ಮಜಾ ಮಾಡುತ್ತಾರೆ. ಹೆದರಿಸಿ, ತಿರುಗಿಸಿ, ಕೊಂದು ಹೊಗಳುವ ನಾವು ಬ್ರೆಜಿಲ್‌ನವರ ದೆಮಾಯ್ಸ್‌ಗೆ ಹುಬ್ಬೇರಿಸುವ ಹಾಗಿಲ್ಲ.

ಅತಿಯನ್ನು ಹೇಳುವ ಇನ್ನೊಂದು ವಿಶೇಷಣವನ್ನು ಬಿಟ್ಟರೆ ಆ ಕಡೆಯವರಿಗೆ ಬೇಸರವಾದೀತು. ‘ಎಜಾಜೆರಾದು’, ಅಂದರೆ ಉತ್ಪ್ರೇಕ್ಷೆಯವನು, ಎಲ್ಲದರಲ್ಲೂ ಅತಿ ಮಾಡುವವನು. ಮೂಲದಲ್ಲಿ ಇದು ಲ್ಯಾಟಿನ್ನಿನ ‘ಅಗ್ಗೆರ್’, ಅಂದರೆ ಮಣ್ಣಿನ ದಿಬ್ಬ. ಉತ್ಪ್ರೇಕ್ಷೆ ಅಂದರೆ ಮಣ್ಣು ಪೇರಿಸಿ ದಿಬ್ಬ ಮಾಡುವುದು. ಕಡ್ಡಿಯನ್ನು ಗುಡ್ಡ ಮಾಡುವ ನಮ್ಮ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೋಮಿನವನೂ ಕನ್ನಡದವನೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಗುಡ್ಡ ಹತ್ತಿದ್ದಾರೆ.

ಬ್ರೆಜಿಲ್‌ನ ತಾಯಂದಿರು ದಿನಕ್ಕೆ ಹತ್ತು ಸಲ ‘ಸಾಕು, ಎಜಾಜೆರಾದು ಆಗಬೇಡ’ ಎಂದು ಮಕ್ಕಳನ್ನು ಗದರುತ್ತಾರೆ, ಗದರುವ ತಾಯಿಯೇ ಮರುಕ್ಷಣ ಹಸಿವಿನಿಂದ ಸಾಯುತ್ತಿರುತ್ತಾಳೆ, ದಣಿವಿನಿಂದ ಸಾಯುತ್ತಿರುತ್ತಾಳೆ, ಗೆಳತಿಯನ್ನು ಕಾಣದೆ ಸಾಯುತ್ತಿರುತ್ತಾಳೆ. ಆ ಭಾಷೆಯಲ್ಲಿ ಸಾಯುವುದಕ್ಕೆ ಕಾರಣಗಳು ಹೇರಳ, ಸತ್ತವರು ಮಾತ್ರ ಕಡಿಮೆ. ಕ್ಷಮೆ ಒಂದು ಕೇಳುವುದಿಲ್ಲ, ಸಾವಿರ ಕೇಳುತ್ತಾರೆ. ಮಳೆ ಜೋರಾದರೆ ಆಕಾಶದಿಂದ ಚಾಕು ಸುರಿಯುತ್ತದೆ. ಮಡಚುವ ಚಾಕು, ಅಷ್ಟು ಎಚ್ಚರಿಕೆ ಇದೆ. ದುಬಾರಿ ವಸ್ತುವಿಗೆ ಮುಖದಲ್ಲಿರುವ ಕಣ್ಣುಗಳನ್ನೇ ಬೆಲೆಯಾಗಿ ತೆರಬೇಕು. ಕಣ್ಣು ಇನ್ನೆಲ್ಲಿರುತ್ತದೆ, ಮುಖದ್ದು ಎಂದು ಯಾಕೆ ಒತ್ತಿ ಹೇಳಬೇಕು ಎಂದು ಕೇಳಿದರೆ ನೀವು ಎಜಾಜೆರಾದು ಅಲ್ಲ, ಬರೀ ಅಧಿಕಪ್ರಸಂಗಿ.

ಈ ಪದಕ್ಕೆ ಕಿರೀಟ ಇಟ್ಟವನು ರಿಯೊದ ಗಾಯಕ ಕಜೂಜ. 1985ರಲ್ಲಿ ‘ಬರಾಂವ್ ವೆರ್ಮೇಲ್ಯು’ ಎಂಬ ರಾಕ್ ತಂಡ ಬಿಟ್ಟು ಒಬ್ಬನೇ ಹಾಡಲು ಹೊರಟ. ಮೊದಲ ಹಾಡಿನ ಹೆಸರೇ ‘ಎಜಾಜೆರಾದು’. ಪ್ರೀತಿಯಲ್ಲಿ ಎಲ್ಲವನ್ನೂ ಎಸೆದುಬಿಡುತ್ತೇನೆ ಎಂದು ಕೂಗುವ ಪ್ರೇಮಿಯ ಹಾಡು. ತಾಯಂದಿರು ಬೈಯಲು ಬಳಸುತ್ತಿದ್ದ ಮಾತನ್ನು ಆತ ಎದೆಯ ಮೇಲೆ ಪದಕದಂತೆ ಚುಚ್ಚಿಕೊಂಡ. ದೇಶ ಆತನನ್ನು ಆ ಹೆಸರಿನಿಂದಲೇ ನೆನಪಿಟ್ಟುಕೊಂಡಿದೆ. 1989ರಲ್ಲಿ ತನಗೆ ಏಡ್ಸ್ ಇದೆಯೆಂದು ಬಹಿರಂಗವಾಗಿ ಹೇಳಿದ, ಅಂಥ ಮಾತನ್ನು ಜನ ಪಿಸುಗುಟ್ಟಲೂ ಹೆದರುತ್ತಿದ್ದ ಕಾಲದಲ್ಲಿ. 1990ರ ಜುಲೈನಲ್ಲಿ ತೀರಿಕೊಂಡಾಗ ವಯಸ್ಸು 32. ಅಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

ವಿಶೇಷಣಕ್ಕೆ ಇನ್ನೊಂದು ಮಹಡಿ ಏರಿಸುವ ವಿದ್ಯೆ ‘ಇಸ್ಸಿಮು’. ಸುಂದರ ಅಂದರೆ ‘ಲಿಂದು’, ಅತಿ ಸುಂದರ ಅಂದರೆ ‘ಲಿಂದಿಸ್ಸಿಮು’. ಈ ಇಸ್ಸಿಮು ರೋಗಕ್ಕೆ ಸಾಹಿತ್ಯದಲ್ಲಿ ಒಬ್ಬ ಶಾಶ್ವತ ರೋಗಿ ಇದ್ದಾನೆ. ಮಶಾದು ದಿ ಅಸ್ಸಿಸ್ ಬರೆದ 1899ರ ಕಾದಂಬರಿ ‘ದೊಂ ಕಸ್ಮುರು’ವಿನ ಜುಜೆ ದಿಯಸ್. ಶ್ರೀಮಂತರ ಮನೆಗೆ ಹೋಮಿಯೋಪಥಿ ವೈದ್ಯ ಎಂದು ಹೇಳಿಕೊಂಡು ಬಂದವನು. ಕೈಗುಣವೋ ಕಾಕತಾಳವೋ, ಅಲ್ಲಿನವರ ಜ್ವರ ಬಿಟ್ಟಿತು. ಎರಡನೆಯ ಸಲ ಕರೆದಾಗ ‘ನಾನು ವೈದ್ಯನೇ ಅಲ್ಲ, ಹೋಮಿಯೋಪಥಿಯ ಪ್ರಚಾರಕ್ಕಾಗಿ ಹಾಗೆ ಹೇಳಿದೆ’ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ಮನೆಯವರಿಗೆ ಅವನಿಲ್ಲದೆ ಊಟ ಸೇರದಂತಾಗಿತ್ತು. ಹಾಗೇ ಉಳಿದುಬಿಟ್ಟ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಎಣಿಸಿ ಇಡುವ ಹೆಜ್ಜೆ, ಬಾಯಿ ತೆರೆದರೆ ಇಸ್ಸಿಮು.

ಈತನ ಕೈಚಳಕ ನೋಡಬೇಕಾದ್ದು ಚಾಡಿ ಹೇಳುವಾಗ. ಮಗನನ್ನು ಪಾದ್ರಿ ಮಾಡುತ್ತೇನೆಂದು ಹರಕೆ ಹೊತ್ತ ತಾಯಿ. ಮಗನೋ ಪಕ್ಕದ ಮನೆಯ ಹುಡುಗಿಯ ಜೊತೆ ಮೂಲೆಯಲ್ಲಿ ಪಿಸುಮಾತಿನಲ್ಲಿ ಇರುವವನು. ವಿಷಯ ಎತ್ತಿ ತಾಯಿಯ ಕಿವಿಗೆ ಹಾಕಿದವನು ಜುಜೆ ದಿಯಸ್. ಹಾಕಿದ ಮೇಲೆ ತಾನು ಮಾಡಿದ್ದು ಕರ್ತವ್ಯ, ಅದೂ ‘ಅಮರಿಸ್ಸಿಮು’, ಅಂದರೆ ಪರಮ ಕಹಿ ಕರ್ತವ್ಯ ಎಂದು ಮುಖ ಹುಳ್ಳಗೆ ಮಾಡಿಕೊಳ್ಳುತ್ತಾನೆ. ಈ ಮನುಷ್ಯನನ್ನು ನೀವು ನೋಡಿಯೇ ಇದ್ದೀರಿ. ‘ನನಗೇನು ಬೇಕಿತ್ತು ಹೇಳಿ, ಮನಸ್ಸು ತಡೀಲಿಲ್ಲ ಅಂತ ಹೇಳ್ದೆ’ ಅನ್ನುತ್ತಲೇ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳುವವನು. ವಿಚಾರ ಇದ್ದಾಗ ಅದರ ಮೇಲೆ ಗೋಪುರ ಕಟ್ಟಲು, ಇಲ್ಲದಾಗ ಬಯಲಿನಲ್ಲೇ ಗೋಪುರ ಕಟ್ಟಲು ಈತನಿಗೆ ಇಸ್ಸಿಮು ಬೇಕು. ಕೊನೆಗೆ ಹಾಸಿಗೆ ಹಿಡಿದು ಕಿಟಕಿ ತೆರೆಸಿ ಆಕಾಶ ನೋಡುತ್ತಾನೆ. ಪ್ರಾಣ ಬಿಡುವಾಗ ಬಾಯಿಂದ ಬಂದ ಕೊನೆಯ ಪದ ‘ಲಿಂದಿಸ್ಸಿಮು’. ಮಶಾದು ಆ ಅಧ್ಯಾಯಕ್ಕೆ ಕೊಟ್ಟ ಹೆಸರೇ ‘ಕೊನೆಯ ಇಸ್ಸಿಮು’ ಎಂಬ ಅರ್ಥದ್ದು. ಇಡೀ ಕಾದಂಬರಿಯುದ್ದಕ್ಕೂ ಗೇಲಿ ಮಾಡಿಸಿಕೊಂಡವನು ಅಲ್ಲಿ ಒಂದೇ ಒಂದು ಸಲ ಸರಿಯಾದ ಅಳತೆಯ ಮಾತಾಡಿದ ಎಂದು ನನ್ನ ತೀರ್ಮಾನ.

ಜುಜೆ ದಿಯಸ್‌ಗೆ ಟಿವಿಯಲ್ಲಿ ಒಬ್ಬ ತಮ್ಮ ಹುಟ್ಟಿದ. 1973ರಲ್ಲಿ ಬ್ರೆಜಿಲ್‌ನ ಮೊದಲ ಬಣ್ಣದ ಧಾರಾವಾಹಿ ‘ಉ ಬೆಂ-ಅಮಾದು’ ಬಂತು. ಬರೆದವರು ನಾಟಕಕಾರ ದಿಯಸ್ ಗೋಮಿಸ್. ಅದರಲ್ಲಿ ಸುಕುಪಿರ ಎಂಬ ಕಲ್ಪನೆಯ ಊರಿನ ಮೇಯರ್ ಒದೊರಿಕು. ಊರಿಗೊಂದು ಸ್ಮಶಾನ ಕಟ್ಟಿಸುತ್ತೇನೆ ಎಂದು ಗೆದ್ದ, ಕಟ್ಟಿಸಿಯೂ ಕಟ್ಟಿಸಿದ. ಆದರೆ ಉದ್ಘಾಟನೆಗೆ ಒಂದು ಹೆಣ ಬೇಕಲ್ಲ, ಊರಿನವರು ಸಾಯಲೊಲ್ಲರು. ಇವನ ಭಾಷಣ ಕೇಳಿದರೆ ಸಾಯಬೇಕಿತ್ತು. ಕಂಡ ಕಂಡ ಪದಕ್ಕೆಲ್ಲ ಕ್ರಿಯಾವಿಶೇಷಣದ ಬಾಲ ಅಂಟಿಸುವುದು ಇವನ ಚಟ. ಹಿಂದಕ್ಕೆ ಎನ್ನುವುದನ್ನು ‘ಹಿಂದಕ್ಕಾಗಿಯಾಗಿ’ ಅಂದರೆ ಹೇಗಿರುತ್ತದೆ, ಆ ಥರ. ನಮ್ಮ ವೇದಿಕೆಗಳ ಮೇಲೆ ‘ಸಮಾರಂಭದ ಅಧ್ಯಕ್ಷತೆಯನ್ನು ವಹಿಸಿಕೊಂಡಿರತಕ್ಕಂತಹ’ ಎಂದು ಶುರುಮಾಡುವವರ ಸಗೋತ್ರ. ಇಷ್ಟೆಲ್ಲ ಕಾದ ಸ್ಮಶಾನ ಕಡೆಗೆ ಉದ್ಘಾಟನೆಯಾದದ್ದು ಅವನ ಹೆಣದಿಂದಲೇ. ಅತಿ ಮಾಡಿದವನಿಗೆ ಇದಕ್ಕಿಂತ ಅಚ್ಚುಕಟ್ಟಾದ ಲೆಕ್ಕ ಚುಕ್ತಾ ನಾನು ಬೇರೆಡೆ ಕಂಡಿಲ್ಲ.

ಕಚೇರಿಯ ಕಾಗದಗಳಲ್ಲೂ ಇಸ್ಸಿಮು ರಾಜ್ಯಭಾರವೇ. ನ್ಯಾಯಾಧೀಶರು ‘ಮೆರಿತಿಸ್ಸಿಮು’, ಮಂತ್ರಿಗಳು ‘ಎಸೆಲೆಂತಿಸ್ಸಿಮು’, ವಿಶ್ವವಿದ್ಯಾಲಯದ ರೆಕ್ಟರ್ ‘ತಮ್ಮ ಭವ್ಯತೆ’. ಭವ್ಯತೆಯವರು ತಿಂಗಳ ಕೊನೆಗೆ ಸಂಬಳಕ್ಕೆ ಕಾಯುತ್ತಿದ್ದರೂ ಭವ್ಯತೆಯೇ. 2019ರ ಏಪ್ರಿಲ್‌ನಲ್ಲಿ ಬ್ರೆಜಿಲ್‌ನ ಕೇಂದ್ರ ಸರಕಾರ ಒಂದು ಆಜ್ಞೆ ಹೊರಡಿಸಿ, ಸರಕಾರಿ ನೌಕರರ ನಡುವಿನ ವ್ಯವಹಾರದಲ್ಲಿ ಇವನ್ನೆಲ್ಲ ನಿಲ್ಲಿಸಿತು. ಇನ್ನು ಎಲ್ಲರೂ ‘ಸೆನ್ಯೋರ್’ ಅಥವಾ ‘ಸೆನ್ಯೋರ’, ಅಷ್ಟೇ. ನಿಷೇಧದ ಪಟ್ಟಿಯಲ್ಲಿ ಶ್ರೇಷ್ಠತೆ, ಭವ್ಯತೆ, ಪ್ರಖ್ಯಾತ, ಪರಮಯೋಗ್ಯ, ಡಾಕ್ಟರು ಎಲ್ಲ ಸಾಲಾಗಿ ಇದ್ದಾರೆ. ಇಂಥ ಆಜ್ಞೆ ನಮ್ಮಲ್ಲಿ ಬಂದರೆ ಆಮಂತ್ರಣ ಪತ್ರಿಕೆ ಅಚ್ಚುಹಾಕುವವರ ಗತಿಯೇನು, ಫ್ಲೆಕ್ಸಿನ ಅಂಗಡಿಗಳ ಗತಿಯೇನು! ಘನತೆವೆತ್ತವರ ಘನತೆಯನ್ನು ಕಿತ್ತು ಬರೀ ‘ಶ್ರೀ’ ಉಳಿಸಿದರೆ ಅರ್ಧ ಪುಟ ಖಾಲಿ.

ಇಸ್ಸಿಮು ಪಂಡಿತರದ್ದಾದರೆ ‘ಆಂವ್’ ಎಂಬ ಪ್ರತ್ಯಯ ಬೀದಿಯದು. ಯಾವ ಪದಕ್ಕೆ ಹಚ್ಚಿದರೂ ಅದು ದೈತ್ಯವಾಗುತ್ತದೆ. ಕಿವಿಗೆ ಹಚ್ಚಿದರೆ ‘ಒರೆಲ್ಯಾಂವ್’, ಬ್ರೆಜಿಲ್‌ನ ಬೀದಿಗಳಲ್ಲಿ 1970ರ ದಶಕದಿಂದ ನಿಂತ ಮೊಟ್ಟೆಯಾಕಾರದ ಟೆಲಿಫೋನ್ ಗೂಡು. ರೂಪಿಸಿದವರು ಶಾಂಘೈನಲ್ಲಿ ಹುಟ್ಟಿ ಬ್ರೆಜಿಲ್‌ನವರಾದ ವಾಸ್ತುಶಿಲ್ಪಿ ಚು ಮಿಂಗ್ ಸಿಲ್ವೆಯ್ರ. ಎರೆಹುಳಕ್ಕೆ ಹಚ್ಚಿದರೆ ‘ಮಿನ್ಯೊಕಾಂವ್’, ಸಾವೊ ಪಾಲೊ ನಗರದ ಮನೆಗಳ ಕಿಟಕಿಯನ್ನೇ ಉಜ್ಜಿಕೊಂಡು ಹೋಗುವ ಮೇಲ್ಸೇತುವೆ. ಮಾತಿಗೆ ಹಚ್ಚಿದರೆ ‘ಪಲವ್ರಾಂವ್’, ದೊಡ್ಡ ಮಾತು, ಅಂದರೆ ಹೊಲಸು ಬೈಗುಳ! ಬಾಗಿಲಿಗೆ ಹಚ್ಚಿದರೆ ‘ಪೊರ್ತಾಂವ್’, ಗೇಟು. ಆ ಗೇಟು ಚಿಕ್ಕದಾದರೆ? ಅದಕ್ಕೆ ‘ಇನ್ಯು’ ಎಂಬ ಸಣ್ಣತನದ ಪ್ರತ್ಯಯವನ್ನೂ ಹಚ್ಚಿ ‘ಪುಟ್ಟ ದೊಡ್ಡಬಾಗಿಲು’ ಮಾಡಿಕೊಳ್ಳುತ್ತಾರೆ. ಫುಟ್‌ಬಾಲಿನವರಿಗೆ ಈ ಎರಡೂ ಪ್ರತ್ಯಯ ಪರಿಚಿತ. 1994ರ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಲ್ಲಿ ಇಬ್ಬರು ರೊನಾಲ್ಡೊಗಳಿದ್ದರು. ಹಿರಿಯ ಡಿಫೆಂಡರು ರೊನಾಲ್ಡಾಂವ್, 17ರ ಹುಡುಗ ರೊನಾಲ್ಡಿನ್ಯು. ಆ ಹುಡುಗ ಬೆಳೆದು ಜಗತ್ಪ್ರಸಿದ್ಧ ರೊನಾಲ್ಡೊ ಆದ ಮೇಲೆ ಇನ್ನೊಬ್ಬ ಬಂದ, ‘ಇನ್ಯು’ ಖಾಲಿ ಇತ್ತು, ಅವನಿಗೆ ಕೊಟ್ಟರು. ದೊಡ್ಡಣ್ಣ, ಸಣ್ಣಣ್ಣ, ಪುಟ್ಟಣ್ಣ ಎಂದು ಹೆಸರಿಟ್ಟುಕೊಂಡ ನಾಡಿಗೆ ಇದೇನು ಬೆರಗಲ್ಲ.

ಪೋರ್ಚುಗಲ್‌ನ ಹುಡುಗರಿಗೆ ಈ ಸರಕೂ ಸಾಲದೆ ಅಂಗೋಲದಿಂದ ಕಿಂಬುಂದು ಭಾಷೆಯ ‘ಬುಎ’ ತರಿಸಿಕೊಂಡರು. ಸಿಕ್ಕಾಪಟ್ಟೆ, ಬೇಜಾನ್ ಅನ್ನುವುದಕ್ಕೆ ಸಮ. 2001ರಲ್ಲಿ ಲಿಸ್ಬನ್ನಿನ ವಿಜ್ಞಾನ ಅಕಾಡೆಮಿಯ ಘನವಾದ ನಿಘಂಟು ಬುಎಯನ್ನು ಒಳಗೆ ಬಿಟ್ಟುಕೊಂಡಾಗ ಹಿರಿಯರು ಹೌಹಾರಿದರು. ವಸಾಹತಿಗೆ ಪದ ಕೊಟ್ಟು ರೂಢಿಯಾದವರಿಗೆ ಈಸಿಕೊಳ್ಳುವುದು ಸ್ವಲ್ಪ ಕಷ್ಟ.

ಈ ಅತಿಯ ಭಾಷೆಯವನೊಬ್ಬ ನಮ್ಮ ಹಂಪಿಗೆ ಬಂದು ಮಾತು ತಡೆದುಕೊಂಡ ಕಥೆಯೂ ಇದೆ. ದೊಮಿಂಗು ಪಾಯಿಸ್, 1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ‘ಬಿಸ್ನಗ’ವನ್ನು, ಅಂದರೆ ವಿಜಯನಗರವನ್ನು ಕಣ್ಣಾರೆ ಕಂಡವನು. ಬೆಟ್ಟ ಹತ್ತಿ ನೋಡಿ, ಊರು ರೋಮಿನಷ್ಟು ದೊಡ್ಡದಾಗಿ ಕಾಣುತ್ತದೆ ಎಂದ. ಜನಸಂಖ್ಯೆ ಎಷ್ಟು? ಅಲ್ಲಿ ಪಾಯಿಸ್ ಲೇಖನಿ ಕೆಳಗಿಟ್ಟ. ಬರೆದರೆ ಕಟ್ಟುಕಥೆ ಅಂದುಕೊಂಡಾರು, ಅದಕ್ಕೇ ಬರೆಯುವುದಿಲ್ಲ ಎಂದುಬಿಟ್ಟ! ತಾಯ್ನಾಡಿನವರು ತನ್ನನ್ನು ಎಜಾಜೆರಾದು ಅಂದಾರೆಂಬ ಭಯ. ಬೀದಿಗಳಲ್ಲಿ ಜನ ಮತ್ತು ಆನೆಗಳ ದಟ್ಟಣೆ ಎಷ್ಟೆಂದರೆ ಕಾಲಾಳೂ ಕುದುರೆಯೂ ನುಗ್ಗಲಾರದು ಎಂದು ಮಾತ್ರ ಹೇಳಿದ. ಸಿಲ್ಕ್ ಬೋರ್ಡ್ ಜಂಕ್ಷನ್ ಕಂಡವರು ಅವನನ್ನು ಖಂಡಿತ ನಂಬುತ್ತಿದ್ದರು.

ಸಂಖ್ಯೆ ಬಿಟ್ಟವನು ಮಿಕ್ಕಿದ್ದನ್ನು ಬಿಡಲಿಲ್ಲ. ರಾಯ ಬೆಳಗಾಗುವ ಮೊದಲೇ ಕಾಲು ಲೀಟರಿಗೂ ಮಿಗಿಲಾಗಿ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ತಿಕ್ಕಿಸಿಕೊಂಡು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಮು ಮಾಡಿ, ಕುಸ್ತಿ ಹಿಡಿದು, ಕುದುರೆ ಓಡಿಸುತ್ತಿದ್ದ ಎಂದು ಬರೆದಿದ್ದಾನೆ. ಮಹಾನವಮಿಯಲ್ಲಿ ಅಂತಃಪುರದ ಹೆಣ್ಣುಮಕ್ಕಳು ಹೊತ್ತ ಬಂಗಾರ, ಮುತ್ತು, ಬಳೆಗಳ ಭಾರ ಎಷ್ಟೆಂದರೆ ನಡೆಯಲಾರದೆ, ತೋಳು ಹಿಡಿದು ನಡೆಸಲು ಬೇರೆ ಹೆಂಗಸರು ಬೇಕಾಗಿತ್ತಂತೆ. ಬಂಗಾರಕ್ಕೆ ‘ದೆಮಜಿಯಾದು’ ಎನ್ನುವ ಧೈರ್ಯ ಅಂದಿನಿಂದ ಇಂದಿನವರೆಗೆ ಯಾವ ಮದುವೆಮನೆಗೂ ಬಂದಿಲ್ಲ. ಪಾಯಿಸನ ಹಿಂದೆ ಬಂದ ಕುದುರೆ ವ್ಯಾಪಾರಿ ಫೆರ್ನಾಂವ್ ನೂನಿಸ್‌ಗೆ ಇಂಥ ಸಂಕೋಚ ಇರಲಿಲ್ಲ. ರಾಯಚೂರಿನ ಯುದ್ಧಕ್ಕೆ ಹೊರಟ ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ ಎಂದು ಕೊನೆಯ ಆನೆಯವರೆಗೆ ಲೆಕ್ಕ ಒಪ್ಪಿಸಿದ. 550 ಅಂದಿದ್ದರೆ ಅನುಮಾನ ಬರುತ್ತಿತ್ತು; ಆ ಒಂದು ಆನೆಯಲ್ಲಿದೆ ಕಲೆ. ಇವರಿಬ್ಬರ ಬರಹ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಮಲಗಿತ್ತು. 1897ರಲ್ಲಿ ಡೇವಿಡ್ ಲೋಪಿಸ್ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು, 1900ರಲ್ಲಿ ರಾಬರ್ಟ್ ಸೆವೆಲ್ ಇಂಗ್ಲಿಷಿಗೆ ತಂದರು. ನಮ್ಮ ಅತಿವೈಭವಕ್ಕೆ ಸಾಕ್ಷಿ ಹೇಳಿದ್ದು ಅವರ ಭಾಷೆ.

ಪ್ರತಿಯಾಗಿ ನಾವು ಆ ಭಾಷೆಯಿಂದ ಏನು ತೆಗೆದುಕೊಂಡೆವು? ಮೇಜು, ಸಾಬೂನು, ಚಾವಿ, ಬಾಲ್ದಿ, ಬಟಾಟೆ, ಪಾದ್ರಿ, ಪಗಾರ, ಉತ್ತರ ಕರ್ನಾಟಕದ ಲಿಲಾವು. ಎಲ್ಲ ಗೃಹೋಪಯೋಗಿ ನಾಮಪದಗಳು. ವಿಶೇಷಣ ಒಂದಾದರೂ? ಗೋವಾದ ಮಂಕುರಾದ್ ಮಾವಿನ ಹಣ್ಣಿನ ಹೆಸರೊಳಗೆ ಒಂದು ಅಡಗಿದೆ. ಮೂಲದಲ್ಲಿ ಅದು ‘ಮಾಲ್‌ಕೊರಾದ’, ಅಂದರೆ ಬಣ್ಣ ಕೆಟ್ಟದ್ದು. ಅಷ್ಟು ರುಚಿಯ ಹಣ್ಣಿಗೆ ಅಂಥ ಹೆಸರಿಟ್ಟವರು, ದೆಮಾಯ್ಸ್ ಎಂದು ಹೊಗಳುವ ಬ್ರೆಜಿಲ್‌ನವರು ಖಂಡಿತ ಅಲ್ಲ. ಅತಿಯನ್ನು ಹೇಳುವ ವಿಶೇಷಣವನ್ನಂತೂ ನಾವು ಮುಟ್ಟಲೇ ಇಲ್ಲ. ಆ ಸರಕು ನಮ್ಮ ಗೋದಾಮಿನಲ್ಲೇ ಬೇಕಾದಷ್ಟಿತ್ತು. ಪಗಾರಕ್ಕೆ ಜೋಡಿಸಲು ಅಂಥ ವಿಶೇಷಣದ ಅಗತ್ಯ ಯಾರಿಗೂ ಬಂದಿಲ್ಲ ಎಂಬುದೂ ಒಂದು ಕಾರಣ ಇರಬಹುದು.

ಇಷ್ಟು ಓದಿದವರಿಗೆ ಒಂದು ಉಪಯೋಗದ ಮಾತು. ಲಿಸ್ಬನ್ನಿನಲ್ಲಿ ಚೌಕಾಸಿ ಮಾಡುವಾಗ ‘ದೆಮಜಿಯಾದು’ವನ್ನು ಮೊದಲು ಹಾಕಿ, ರಿಯೊದಲ್ಲಿ ‘ದೆಮಾಯ್ಸ್’ಅನ್ನು ಕೊನೆಯಲ್ಲಿ ಹಾಕಿ; ಬೆಲೆ ಇಳಿಯುತ್ತದೆಂಬ ಭರವಸೆ ನನ್ನದಲ್ಲ. ಯಾರಾದರೂ ನಿಮ್ಮನ್ನೇ ದೆಮಾಯ್ಸ್ ಅಂದರೆ ಕೋಪಿಸಿಕೊಳ್ಳದೆ ಧನ್ಯವಾದ ಹೇಳಿ. ಹತ್ತು ನಿಮಿಷದಲ್ಲಿ ಮೂರು ಸಲ ಅಂದರೆ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಿ. ಭಿಕ್ಷೆ ಅತಿಯಾದರೆ ಸಂತನಿಗೂ ಅನುಮಾನ ಬರುತ್ತದೆ ಎಂಬ ಗಾದೆ ಹುಟ್ಟಿದ್ದೂ ಅದೇ ಭಾಷೆಯಲ್ಲಿ.